ಆಕ್ಟೇನ್ ಹೆಚ್ಚಾದರೆ ಬೈಕಿಗೆ ಲಾಭವೇ? ಬಂಕಿನಲ್ಲಿ ನೋಡಬೇಕಾದ ಸಂಖ್ಯೆ ಬೇರೆಯೇ ಇದೆ

ಅಮೆರಿಕದ ಪೆಟ್ರೋಲ್ ಬಂಕುಗಳಲ್ಲಿ ಪಂಪಿನ ಮೇಲೆ 87, 89, 91 ಅಥವಾ 93 ಎಂಬ ಆಕ್ಟೇನ್ ಸಂಖ್ಯೆಗಳಿರುವ ಹಳದಿ ಚೀಟಿಗಳು ಕಾಣುತ್ತವೆ. ಈಚಿನ ವರ್ಷಗಳಲ್ಲಿ ಹಲವು ಕಡೆ ಇವುಗಳ ನಡುವೆ 88 ಎಂಬ ಇನ್ನೊಂದು ಸಂಖ್ಯೆ ಬಂದು ಕೂತಿದೆ. 87ಕ್ಕಿಂತ ಒಂದು ಹೆಚ್ಚು. ಬೆಲೆ ಮಾತ್ರ ಬಹಳ ಸಲ 87ಕ್ಕಿಂತ ಕಡಿಮೆ. ಬೈಕ್ ಓಡಿಸುವವರಿಗೆ ಇನ್ನೇನು ಬೇಕು ಅನ್ನಿಸೀತು. ಆದರೆ ಆ 88 ಅನ್ನು ಮೋಟರ್‌ಸೈಕಲ್‌ಗೆ ಹಾಕುವಂತಿಲ್ಲ. ಅದರಲ್ಲಿ ಶೇ 15ರವರೆಗೆ ಎಥನಾಲ್ ಇರುತ್ತದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2010 ಮತ್ತು 2011ರಲ್ಲಿ ಈ ಮಿಶ್ರಣಕ್ಕೆ ಅನುಮತಿ ಕೊಟ್ಟಾಗ 2001 ಹಾಗೂ ನಂತರದ ಕಾರುಗಳಿಗೆ ಹೂಂ ಎಂದಿತು, ಮೋಟರ್‌ಸೈಕಲ್‌ಗಳನ್ನು ಹೊರಗೇ ಇಟ್ಟಿತು.

ಆಕ್ಟೇನ್ ಬಗ್ಗೆ ಬೈಕ್ ಸವಾರರಲ್ಲಿ ನಡೆಯುವ ವಾದ ಎಷ್ಟು ಹಳತಾಗಿದೆ ಎಂಬುದಕ್ಕೆ ಈ ಒಂದು ಉದಾಹರಣೆ ಸಾಕು. ‘ಹೆಚ್ಚು ಆಕ್ಟೇನ್ ಹಾಕಿದರೆ ಪಿಕಪ್ ಬರುತ್ತದಾ, ಮೈಲೇಜ್ ಬರುತ್ತದಾ’ ಎಂದು ನಾವು ಇನ್ನೂ ಕೇಳುತ್ತಿದ್ದೇವೆ. ಅಷ್ಟರಲ್ಲಿ ಪೆಟ್ರೋಲ್ ಒಳಗೊಳಗೇ ಬದಲಾಗಿಬಿಟ್ಟಿದೆ. ಎಥನಾಲ್ ಬೆರೆತು ಆಕ್ಟೇನ್ ಸಂಖ್ಯೆ ಏರುತ್ತಿರುವಾಗಲೇ ಲೀಟರಿನಲ್ಲಿರುವ ಶಕ್ತಿ ಇಳಿಯುತ್ತಿದೆ. ಬಂಕಿನಲ್ಲಿ ಈಗ ನೋಡಬೇಕಾದದ್ದು ಆ ಎಥನಾಲಿನ ಪ್ರಮಾಣವನ್ನು.

ಮೊದಲು ಆಕ್ಟೇನ್ ಅಳೆಯುವುದಾದರೂ ಏನನ್ನು ಎಂಬುದನ್ನು ನೋಡೋಣ. ಪೆಟ್ರೋಲಿನ ಶಕ್ತಿಯನ್ನಂತೂ ಅಲ್ಲ, ಶುದ್ಧತೆಯನ್ನೂ ಅಲ್ಲ. ಕಿಡಿ ಸೋಕದೆ, ಬರೀ ಒತ್ತಡ ಮತ್ತು ಬಿಸಿಗೆ ತಾನಾಗಿ ಹೊತ್ತಿಕೊಳ್ಳದೆ ಅದು ಎಷ್ಟು ತಡೆದುಕೊಳ್ಳಬಲ್ಲದು ಎಂಬುದಷ್ಟೇ ಈ ಸಂಖ್ಯೆಯ ಅರ್ಥ. ಎಂಜಿನ್ನಿನಲ್ಲಿ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಪ್ಲಗ್ ಕಿಡಿ ಹಾರಿಸುತ್ತದೆ. ಅಲ್ಲಿಂದ ಬೆಂಕಿಯ ಅಲೆ ಸಿಲಿಂಡರಿನ ಅಂಚಿನ ಕಡೆಗೆ ಸಾಗುತ್ತದೆ. ಹಾಗೆ ಸಾಗುವಾಗ ತನ್ನ ಮುಂದೆ ಉಳಿದಿರುವ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಒತ್ತಿ ಇನ್ನಷ್ಟು ಕಾಯಿಸುತ್ತದೆ. ಬೆಂಕಿ ಬಂದು ತಲುಪುವವರೆಗೂ ಆ ಮಿಶ್ರಣ ತಾಳಿಕೊಂಡರೆ ಎಲ್ಲ ನೆಟ್ಟಗೆ. ತಾಳದೆ ಒಮ್ಮೆಗೇ ಹೊತ್ತಿಕೊಂಡರೆ ಒತ್ತಡದ ಅಲೆಗಳು ಸಿಲಿಂಡರಿನೊಳಗೆ ಗೋಡೆಯಿಂದ ಗೋಡೆಗೆ ಬಡಿಯುತ್ತವೆ. ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದನ್ನೇ. ಪಿಸ್ಟನ್ ಮೇಲ್ಮೈಗೆ ಅಂಟಿಕೊಂಡಿರುವ ತೆಳುವಾದ ಅನಿಲದ ಪದರವೇ ಅಲ್ಯೂಮಿನಿಯಮ್ಮನ್ನು ಬೆಂಕಿಯಿಂದ ಕಾಪಾಡುವುದು. ಈ ಬಡಿತ ಆ ಪದರವನ್ನು ಕಿತ್ತುಹಾಕುತ್ತದೆ. ನಾಕಿಂಗ್ ಹೀಗೇ ಮುಂದುವರಿದರೆ ಪಿಸ್ಟನ್ನಿನ ಅಂಚು ಸವೆಯುತ್ತದೆ, ರಿಂಗ್ ಕೂರುವ ಜಾಗ ಮುರಿಯುತ್ತದೆ.

ಈ ತಾಳಿಕೆಗೆ ಅಂಕ ಕೊಡುವ ಪದ್ಧತಿಯನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ 1920ರ ದಶಕದಲ್ಲಿ ರೂಪಿಸಿದರು. ಐಸೋ-ಆಕ್ಟೇನ್ ಎಂಬ ದ್ರವಕ್ಕೆ 100, ಸುಲಭಕ್ಕೆ ನಾಕ್ ಆಗುವ ಹೆಪ್ಟೇನ್‌ಗೆ 0. ಶೇ 91 ಐಸೋ-ಆಕ್ಟೇನ್, ಉಳಿದದ್ದು ಹೆಪ್ಟೇನ್ ಇರುವ ಮಿಶ್ರಣದಷ್ಟೇ ತಾಳಿಕೊಂಡರೆ ಆ ಪೆಟ್ರೋಲಿಗೆ 91. ಆ ಕಾಲದಲ್ಲಿ ಈ ಅಂಕ ಏರಿಸಲು ಸಿಕ್ಕ ಸುಲಭದ ದಾರಿ ಸೀಸ. 1921ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸ್‌ನ ಥಾಮಸ್ ಮಿಡ್‌ಗ್ಲಿ ಕಂಡುಕೊಂಡ ಟೆಟ್ರಾಈಥೈಲ್ ಲೆಡ್ ಮುಂದೆ ಜಗತ್ತಿನ ಗಾಳಿಗೆಲ್ಲ ಸೀಸ ಬೆರೆಸಿತು. 2021ರಲ್ಲಿ ಅಲ್ಜೀರಿಯಾ ಮಾರಾಟ ನಿಲ್ಲಿಸುವುದರೊಂದಿಗೆ ರಸ್ತೆ ವಾಹನಗಳ ಸೀಸದ ಪೆಟ್ರೋಲಿಗೆ ತೆರೆ ಬಿತ್ತು. ಹುಟ್ಟಿದಾಗಿನಿಂದ ಲೆಕ್ಕ ಹಾಕಿದರೆ ಸರಿಸುಮಾರು ನೂರು ವರ್ಷ. ಸೀಸ ಬಿಟ್ಟ ಜಾಗಕ್ಕೆ ಬಂದವುಗಳಲ್ಲಿ ಎಥನಾಲ್ ಮುಖ್ಯವಾದದ್ದು. ಆ ಕಥೆಗೆ ಆಮೇಲೆ ಬರೋಣ.

ಇನ್ನು ಸಂಖ್ಯೆಗಳ ಗೊಂದಲ. ಒಂದೇ ಪೆಟ್ರೋಲನ್ನು ಪ್ರಯೋಗಾಲಯದಲ್ಲಿ ಎರಡು ಬಗೆಯಲ್ಲಿ ಅಳೆಯುತ್ತಾರೆ. ಎರಡಕ್ಕೂ ಬಳಸುವುದು ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) ಬದಲಾಯಿಸಬಹುದಾದ ಒಂದೇ ಸಿಲಿಂಡರಿನ ಎಂಜಿನ್. ರಿಸರ್ಚ್ ಆಕ್ಟೇನ್, ಅಂದರೆ ಆರ್‌ಒಎನ್ ಅಳೆಯುವಾಗ ಎಂಜಿನ್ 600 ಆರ್‌ಪಿಎಂನಲ್ಲಿ ನಿಧಾನಕ್ಕೆ ತಿರುಗುತ್ತದೆ, ಒಳಬರುವ ಗಾಳಿ ಅಷ್ಟೇನೂ ಬಿಸಿಯಿರುವುದಿಲ್ಲ. ಮೋಟರ್ ಆಕ್ಟೇನ್, ಅಂದರೆ ಎಂಒಎನ್ ಅಳೆಯುವಾಗ 900 ಆರ್‌ಪಿಎಂ, ಮಿಶ್ರಣವನ್ನು ಮೊದಲೇ 149 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿರುತ್ತಾರೆ. ಎರಡನೆಯದು ಕಠಿಣ ಪರೀಕ್ಷೆ, ಅಂಕವೂ ಸಹಜವಾಗಿ ಕಡಿಮೆ. ಯುರೋಪಿನ ಸಾಮಾನ್ಯ ಪೆಟ್ರೋಲಿಗೆ ಆರ್‌ಒಎನ್ ಕನಿಷ್ಠ 95, ಎಂಒಎನ್ ಕನಿಷ್ಠ 85. ಯುರೋಪ್, ಭಾರತ, ಜಪಾನ್ ಮುಂತಾದ ಕಡೆ ಆರ್‌ಒಎನ್ ಲೆಕ್ಕ ಬಳಸುತ್ತಾರೆ. ಅಮೆರಿಕ, ಕೆನಡಾಗಳಲ್ಲಿ ಪಂಪಿನ ಮೇಲೆ ಎರಡರ ಸರಾಸರಿ ಬರೆಯುತ್ತಾರೆ, ಅದಕ್ಕೆ ಎಕೆಐ ಎಂದು ಹೆಸರು.

ಹಾಗಾಗಿ ಅಮೆರಿಕದ 87ಕ್ಕೂ ಬೇರೆ ಕಡೆಯ 91ಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವಿಲ್ಲ. ಅಮೆರಿಕದ 91 ಅಂದರೆ ಉಳಿದ ಕಡೆಯ 95ರ ಆಸುಪಾಸು. ತೊಂದರೆ ಆಗುವುದು ಇಲ್ಲೇ. ಮ್ಯಾನ್ಯುಯಲ್‌ನಲ್ಲಿ ‘91’ ಎಂದಿದೆ ಅಂದುಕೊಳ್ಳಿ. ಅದು ಅಮೆರಿಕದ ಮಾರುಕಟ್ಟೆಗೆ ಅಚ್ಚಾದ ಮ್ಯಾನ್ಯುಯಲ್ ಆಗಿದ್ದರೆ ಗಾಡಿ ನಿಜಕ್ಕೂ ಕೇಳುತ್ತಿರುವುದು 95 ಆರ್‌ಒಎನ್. ಆರ್‌ಒಎನ್ 91 ತುಂಬಿಸಿದರೆ ನಾಲ್ಕು ಅಂಕ ಕೊರತೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಪಿಡಿಎಫ್ ನೋಡಿ ತೀರ್ಮಾನಿಸುವವರು ಈ ಹಳ್ಳಕ್ಕೆ ಬೀಳುವುದು ಸುಲಭ. ಸಂಖ್ಯೆಯ ಪಕ್ಕದಲ್ಲಿ ಆರ್ ಮತ್ತು ಎಂ ಕೂಡಿಸಿ ಎರಡರಿಂದ ಭಾಗಿಸುವ ಸೂತ್ರ ಇದ್ದರೆ ಅದು ಅಮೆರಿಕದ ಲೆಕ್ಕ. ಆರ್‌ಒಎನ್ ಎಂದೋ ಜರ್ಮನರ ರೂಢಿಯಂತೆ ಆರ್‌ಒಝಡ್ ಎಂದೋ ಇದ್ದರೆ ಇನ್ನೊಂದು ಲೆಕ್ಕ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೋ ಒಳಗೋ ಅಂಟಿಸಿರುವ ಚೀಟಿಯೇ ಇದಕ್ಕೆ ಹೆಚ್ಚು ನಂಬಬಹುದಾದ ಸಾಕ್ಷಿ.

‘ಕಂಪ್ರೆಷನ್ ರೇಶಿಯೊ ನೋಡಿ ಆಕ್ಟೇನ್ ಆರಿಸಿ’ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಅರ್ಧ ಸತ್ಯ. ಹೋಂಡಾದ ಈಗಿನ ಗೋಲ್ಡ್ ವಿಂಗ್ ತೆಗೆದುಕೊಳ್ಳಿ: 1833 ಸಿಸಿ, ಆರು ಸಿಲಿಂಡರ್, ಕಂಪ್ರೆಷನ್ 10.5:1. ಹಾರ್ಲೆ-ಡೇವಿಡ್ಸನ್‌ನ ಮಿಲ್ವಾಕಿ-ಏಟ್ 114 ಎಂಜಿನ್ನೂ ಹತ್ತಿರ ಹತ್ತಿರ 1868 ಸಿಸಿ, ಕಂಪ್ರೆಷನ್ ಅದೇ 10.5:1. ಕಾಗದದ ಮೇಲೆ ಅಣ್ಣತಮ್ಮಂದಿರು. ಆದರೆ ಗೋಲ್ಡ್ ವಿಂಗ್ ಅಮೆರಿಕದ ಲೆಕ್ಕದ 86ರಲ್ಲಿ ತೃಪ್ತ, ಹಾರ್ಲೆ 91 ಕೇಳುತ್ತದೆ.

ಕಾರಣ ಸಿಲಿಂಡರಿನ ಒಳಗಿದೆ. ಹಾರ್ಲೆಯದು ಎರಡೇ ಸಿಲಿಂಡರ್, ಒಂದೊಂದೂ 934 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 102 ಮಿ.ಮೀ. ಗೋಲ್ಡ್ ವಿಂಗ್‌ನ ಒಂದು ಸಿಲಿಂಡರ್ ಸುಮಾರು 305 ಸಿಸಿ, ಬೋರ್ 73 ಮಿ.ಮೀ. ಅಗಲವಾದ ಸಿಲಿಂಡರಿನಲ್ಲಿ ಬೆಂಕಿ ಅಂಚು ಮುಟ್ಟಲು ಹೆಚ್ಚು ದೂರ ಹೋಗಬೇಕು. ಅಷ್ಟು ಹೊತ್ತೂ ಮೂಲೆಯಲ್ಲಿರುವ ಮಿಶ್ರಣ ಬಿಸಿಯೇರುತ್ತಲೇ ಇರುತ್ತದೆ. ಹಾರ್ಲೆ ಇದಕ್ಕೆಂದೇ ಪ್ರತಿ ಸಿಲಿಂಡರಿಗೆ ಎರಡು ಪ್ಲಗ್ ಕೊಟ್ಟಿದೆ. ಆದರೂ 91 ಬೇಕು. ಹೋಂಡಾದ ಎಂಜಿನ್ನಿನ ಸುತ್ತ ಕೂಲಂಟ್ ಹರಿಯುತ್ತದೆ. ಹಾರ್ಲೆ ಬಹುಮಟ್ಟಿಗೆ ಗಾಳಿ ಮತ್ತು ಆಯಿಲ್ಲನ್ನು ನಂಬಿದ್ದು, ಟ್ರಾಫಿಕ್ಕಿನಲ್ಲಿ ನಿಂತರೆ ಸಿಲಿಂಡರ್ ಹೆಡ್ ಬೇಗ ಕಾಯುತ್ತದೆ. ಸಾಲದ್ದಕ್ಕೆ, ಕಡಿಮೆ ಆರ್‌ಪಿಎಂನಲ್ಲೇ ಜಗ್ಗಿ ಎಳೆಯುವುದು ಅದರ ಸ್ವಭಾವ. ನಾಕಿಂಗ್‌ಗೆ ಸಮಯ ಬೇಕು. 3000 ಆರ್‌ಪಿಎಂನಲ್ಲಿ ಎಂಜಿನ್ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, 9000ದಲ್ಲಿ 7ಕ್ಕೂ ಕಡಿಮೆ. ಮಿಶ್ರಣ ತಾನಾಗಿ ಹೊತ್ತಿಕೊಳ್ಳುವಷ್ಟರಲ್ಲಿ ಬೆಂಕಿಯೇ ಬಂದು ಮುಗಿಸಿಬಿಟ್ಟಿರುತ್ತದೆ.

ಸಣ್ಣ ಬೋರ್, ಹೆಚ್ಚು ಆರ್‌ಪಿಎಂ, ನೀರಿನ ತಂಪು ಮೂರೂ ಇರುವ ಪುಟ್ಟ ಎಂಜಿನ್ 11:1ಕ್ಕೂ ಮೀರಿದ ಕಂಪ್ರೆಷನ್ನಿನಲ್ಲಿ ಸಾಮಾನ್ಯ ಪೆಟ್ರೋಲ್ ಕುಡಿದು ಆರಾಮವಾಗಿ ಓಡುವುದು ಇದಕ್ಕೇ. ಕಂಪ್ರೆಷನ್ ಒಂದನ್ನೇ ಹಿಡಿದು ಕೋಷ್ಟಕ ಮಾಡಿ ಹಂಚುವವರನ್ನು ನಂಬಬೇಡಿ. ಎಂಜಿನ್ ಕಟ್ಟಿದವರು ಬೋರ್, ತಂಪು, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಎಲ್ಲ ಲೆಕ್ಕ ಹಾಕಿಯೇ ಮ್ಯಾನ್ಯುಯಲ್ಲಿನ ಆ ಒಂದು ಸಂಖ್ಯೆ ಕೊಟ್ಟಿರುತ್ತಾರೆ.

ಆ ಸಂಖ್ಯೆಗಿಂತ ಹೆಚ್ಚು ಹಾಕಿದರೆ? ಬಹುಪಾಲು ಬೈಕುಗಳಲ್ಲಿ ಏನೂ ಆಗುವುದಿಲ್ಲ. ಇಗ್ನಿಷನ್ ಟೈಮಿಂಗ್ ಮೊದಲೇ ಬರೆದಿಟ್ಟ ಮ್ಯಾಪ್ ಪ್ರಕಾರ ನಡೆಯುತ್ತದೆ. ಟ್ಯಾಂಕಿನಲ್ಲಿ 91 ಇದೆಯೋ 100 ಇದೆಯೋ ಎಂಜಿನ್ನಿಗೆ ಗೊತ್ತೇ ಇರುವುದಿಲ್ಲ. ನಾಕ್ ಸೆನ್ಸರ್ ಇರುವ ಎಂಜಿನ್ನಿನ ವಿಚಾರ ಸ್ವಲ್ಪ ಬೇರೆ. ನಾಕಿಂಗ್ ಸುಳಿವು ಸಿಕ್ಕೊಡನೆ ಅದು ಟೈಮಿಂಗ್ ಹಿಂದೆ ಸರಿಸುತ್ತದೆ, ಜೊತೆಗೇ ಪವರ್ ಇಳಿಯುತ್ತದೆ. ಒಳ್ಳೆಯ ಪೆಟ್ರೋಲ್ ಹಾಕಿದರೆ ಕಳೆದುಕೊಂಡದ್ದು ವಾಪಸ್ ಬರುತ್ತದೆ. ಗಮನಿಸಿ, ಕಳೆದುಕೊಂಡದ್ದು ಮಾತ್ರ. ಹಾರ್ಲೆಯ ಈ ಎಂಜಿನ್, ಬಿಎಂಡಬ್ಲ್ಯು ಆರ್ 1250 ಜಿಎಸ್‌ನಂಥವುಗಳಲ್ಲಿ ಈ ಸೆನ್ಸರ್ ಇದೆ. ದಿನನಿತ್ಯದ 100-150 ಸಿಸಿ ಗಾಡಿಗಳಲ್ಲಿ ಅದನ್ನು ನಿರೀಕ್ಷಿಸಬೇಡಿ. ಅಂಥ ಗಾಡಿಗೆ 100 ಆಕ್ಟೇನ್ ಹಾಕುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಪ್ರೀಮಿಯಂ ಪೆಟ್ರೋಲಿನಲ್ಲಿ ಕೆಲವು ಕಂಪನಿಗಳು ಇಂಜೆಕ್ಟರ್, ವಾಲ್ವ್ ಚೊಕ್ಕಟವಾಗಿಡುವ ಡಿಟರ್ಜೆಂಟನ್ನು ಹೆಚ್ಚು ಬೆರೆಸುತ್ತವೆ. ಅದಕ್ಕಾಗಿ ಕೊಳ್ಳುತ್ತೇನೆ ಅಂದರೆ ತಕರಾರಿಲ್ಲ, ಆದರೆ ಆ ಗುಣಕ್ಕೂ ಆಕ್ಟೇನ್‌ಗೂ ಸಂಬಂಧವಿಲ್ಲ.

ಆಕ್ಟೇನ್ ಬೂಸ್ಟರ್ ಬಾಟಲಿಗಳ ಬಗ್ಗೆ ಒಂದು ಮಾತು. ‘5 ಪಾಯಿಂಟ್ ಏರಿಕೆ’ ಎಂದು ಬರೆದಿದ್ದರೆ ಆ ವ್ಯಾಪಾರದ ಲೆಕ್ಕದಲ್ಲಿ ಒಂದು ಪಾಯಿಂಟ್ ಅಂದರೆ ಬಹಳ ಸಲ ಆಕ್ಟೇನಿನ ಹತ್ತನೇ ಒಂದು ಭಾಗ. 91 ಇದ್ದದ್ದು 91.5 ಆಯಿತು, ಅಷ್ಟೇ. ಮ್ಯಾಂಗನೀಸ್ ಇರುವ ಬೂಸ್ಟರ್ ಪ್ಲಗ್ಗಿನ ಮೇಲೆ ಕೆಂಪು ಛಾಯೆಯ ಪದರ ಬಿಡುತ್ತದೆ. ಸೀಸ ಇರುವ ರೇಸಿಂಗ್ ಪೆಟ್ರೋಲ್ ಆಕ್ಸಿಜನ್ ಸೆನ್ಸರನ್ನೂ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುತ್ತದೆ.

ಗಾಡಿ ನಿಜಕ್ಕೂ ನಾಕ್ ಆಗುತ್ತಿದೆಯೇ ಎಂದು ತಿಳಿಯುವುದೇ ಕಷ್ಟದ ಭಾಗ. ದೊಡ್ಡ ಎಂಜಿನ್ನಿನಲ್ಲಿ ಏರುದಾರಿಯಲ್ಲಿ ಗೇರ್ ಇಳಿಸದೆ ಥ್ರಾಟಲ್ ತಿರುವಿದಾಗ ತಗಡಿನ ಡಬ್ಬಿಯಲ್ಲಿ ಸಣ್ಣ ಗುಂಡು ಹಾಕಿ ಅಲ್ಲಾಡಿಸಿದಂಥ ಸದ್ದು ಕೇಳುತ್ತದೆ. ಆದರೆ ಸದ್ದಿನ ಸ್ವರ ಬೋರಿನ ಅಗಲವನ್ನು ಅವಲಂಬಿಸಿದೆ. 100 ಮಿ.ಮೀ. ಬೋರಿನಲ್ಲಿ ಅದು ಸುಮಾರು 6 ಕಿಲೋಹರ್ಟ್ಸ್, 50 ಮಿ.ಮೀ. ಬೋರಿನ ಸಣ್ಣ ಬೈಕಿನಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು. ಹೆಲ್ಮೆಟ್ಟು, ಗಾಳಿಯ ಮೊರೆತ, ಸೈಲೆನ್ಸರಿನ ಸದ್ದಿನ ನಡುವೆ ಅಷ್ಟು ಕೀರಲು ಸ್ವರ ಕಿವಿಗೆ ಬೀಳುವುದೇ ಅನುಮಾನ. ಸಣ್ಣ ಗಾಡಿಯವರು ‘ನನ್ನದು ನಾಕ್ ಆಗೋದೇ ಇಲ್ಲ’ ಅನ್ನುವುದರಲ್ಲಿ ಸ್ವಲ್ಪ ಭಾಗ ಕೇಳಿಸದಿರುವುದೂ ಇರಬಹುದು. ಇಂಥಲ್ಲಿ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಬೇಕು: ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳೋ ಹೊಳೆಯುವ ಅಲ್ಯೂಮಿನಿಯಂ ಕಣಗಳೋ ಕಂಡರೆ ಪಿಸ್ಟನ್ ಸವೆಯುತ್ತಿದೆ ಎಂದರ್ಥ.

ಮೊದಲು ಚೆನ್ನಾಗಿದ್ದ ಗಾಡಿ ಈಗ ನಾಕ್ ಆಗುತ್ತಿದ್ದರೆ ತಕ್ಷಣ ದುಬಾರಿ ಪೆಟ್ರೋಲಿನತ್ತ ಕೈ ಚಾಚುವುದು ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಕೊಟ್ಟಂತೆಯೇ. ವರ್ಷಗಟ್ಟಲೆ ಓಡಿದ ಎಂಜಿನ್ನಿನಲ್ಲಿ ಕಾರ್ಬನ್ ಕಟ್ಟಿಕೊಂಡು ಜಾಗ ಕಿರಿದಾಗುತ್ತದೆ, ಬಿಸಿ ಹೊರಹೋಗುವುದಿಲ್ಲ. ಅದರಿಂದಲೇ ಎಂಜಿನ್ನಿನ ಆಕ್ಟೇನ್ ಬೇಡಿಕೆ ಕೆಲವು ಅಂಕ ಏರುತ್ತದೆ. ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಬಿಸಿ ಹೆಚ್ಚುತ್ತದೆ. ತಪ್ಪು ಹೀಟ್ ರೇಂಜಿನ, ಅಂದರೆ ಬಿಸಿಯನ್ನು ಸಾಕಷ್ಟು ಹೊರಹಾಕದ ಪ್ಲಗ್, ಮುಂದಕ್ಕೆ ಸರಿದ ಟೈಮಿಂಗ್ ಕೂಡ ಕಾರಣವಾಗಬಹುದು. ಸದ್ಯಕ್ಕಂತೂ ಒಂದು ಗೇರ್ ಇಳಿಸಿ ಓಡಿಸಿ.

ಈಗ ಎಥನಾಲ್. ಆಕ್ಟೇನ್ ದೃಷ್ಟಿಯಿಂದ ಮಾತ್ರ ನೋಡಿದರೆ ಇದು ಬಂಗಾರ. ಅದರ ಆರ್‌ಒಎನ್ 108ರ ಆಸುಪಾಸು. ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿ ಸಿಲಿಂಡರನ್ನು ತಣಿಸುತ್ತದೆ. ಆದರೆ ಲೀಟರಿಗೆ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲಿನಲ್ಲಿ 21 ಮಾತ್ರ. ಲೆಕ್ಕ ಸರಳ: ಶೇ 10 ಬೆರೆತ ಇ10ರಲ್ಲಿ ಲೀಟರಿನ ಶಕ್ತಿ ಶೇ 3ಕ್ಕೂ ಸ್ವಲ್ಪ ಹೆಚ್ಚು ಇಳಿಯುತ್ತದೆ, ಇ20ಯಲ್ಲಿ ಶೇ 6ರಿಂದ 7. ಬ್ರೆಜಿಲ್ 2025ರ ಆಗಸ್ಟಿನಿಂದ ಸಾಮಾನ್ಯ ಪೆಟ್ರೋಲಿನಲ್ಲೇ ಶೇ 30 ಎಥನಾಲ್ ಬೆರೆಸುತ್ತಿದೆ. ಭಾರತ ಶೇ 20ಕ್ಕೆ ಬಂದಿದೆ.

ಇಲ್ಲಿ ಒಂದು ವಾದವನ್ನು ತೂಗಿ ನೋಡಬೇಕು. ಬಿಎಸ್-6 ಪೆಟ್ರೋಲಿನ 91 ಎಲ್ಲಿ, ಇ20ಯ 95 ಎಲ್ಲಿ, ಆಕ್ಟೇನ್ ಏರಿದ್ದರಿಂದ ಓಟ ಸುಧಾರಿಸುತ್ತದೆ ಎಂದು ಭಾರತದ ಪೆಟ್ರೋಲಿಯಂ ಸಚಿವಾಲಯ ಹೇಳುತ್ತದೆ. ಹೆಚ್ಚಿನ ಕಂಪ್ರೆಷನ್ನಿಗೆಂದೇ ಹೊಸದಾಗಿ ಕಟ್ಟಿದ ಎಂಜಿನ್ ಆದರೆ ಈ ಮಾತು ಸರಿ. ಶಕ್ತಿಯಲ್ಲಿ ಕಳೆದುಕೊಂಡದ್ದರ ಒಂದು ಭಾಗವನ್ನು ದಕ್ಷತೆಯಲ್ಲಿ ಗಳಿಸಿಕೊಳ್ಳಬಹುದು. ಆದರೆ ಈಗಾಗಲೇ ರಸ್ತೆಯಲ್ಲಿರುವ 9.5:1 ಕಂಪ್ರೆಷನ್ನಿನ, 91ಕ್ಕೆ ಹೊಂದಿಸಿದ ಗಾಡಿ ಆ ನಾಲ್ಕು ಅಂಕಗಳನ್ನು ಏನು ಮಾಡೀತು? ಅದಕ್ಕೆ ಬೇಕಿದ್ದದ್ದು ಮೊದಲೇ ಸಿಗುತ್ತಿತ್ತು. ಏರಿದ ಆಕ್ಟೇನ್ ಬಳಕೆಗೆ ಬರುವುದಿಲ್ಲ, ಇಳಿದ ಶಕ್ತಿ ಮಾತ್ರ ಲೆಕ್ಕಕ್ಕೆ ಬರುತ್ತದೆ. 2021ರ ನೀತಿ ಆಯೋಗದ ವರದಿಯೇ, ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20 ಬಳಸಿದರೆ ಮೈಲೇಜ್ ಶೇ 3ರಿಂದ 4ರಷ್ಟು ಕುಸಿಯುತ್ತದೆ ಎಂದು ಅಂದಾಜಿಸಿದೆ. ಮೈಲೇಜ್ ಬಗ್ಗೆ ಕೇಳಿದವರಿಗೆ ಆಕ್ಟೇನ್ ಬಗ್ಗೆ ಉತ್ತರ ಕೊಟ್ಟರೆ ಅದು ಉತ್ತರವಲ್ಲ. ಇನ್ನೊಂದು ಸೂಕ್ಷ್ಮವೂ ಇದೆ: ಎಥನಾಲ್ ಆರ್‌ಒಎನ್ ಅನ್ನು ಏರಿಸಿದಷ್ಟು ಎಂಒಎನ್ ಅನ್ನು ಏರಿಸುವುದಿಲ್ಲ. ಬಿಸಿಯೇರಿದ, ಜೋರಾಗಿ ತಿರುಗುವ ಎಂಜಿನ್ನಿಗೆ ಹತ್ತಿರವಾದ ಅಳತೆ ಎಂಒಎನ್.

ಗಾಡಿಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುವುದರಿಂದ ಪೂರ್ತಿ ಉರಿಯಲು ಕಡಿಮೆ ಗಾಳಿ ಸಾಕು. ಶುದ್ಧ ಪೆಟ್ರೋಲಿಗೆ ತೂಕದ ಲೆಕ್ಕದಲ್ಲಿ 14.7 ಪಟ್ಟು ಗಾಳಿ ಬೇಕಾದರೆ ಎಥನಾಲಿಗೆ 9 ಪಟ್ಟು. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ಇದನ್ನು ಗ್ರಹಿಸಿ ಸ್ವಲ್ಪ ಹೆಚ್ಚು ಇಂಧನ ಚಿಮ್ಮಿಸುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ, ಪೆಟ್ರೋಲ್ ಬಿಡುವ ಜೆಟ್ಟಿನ ತೂತು ಇದ್ದಷ್ಟೇ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ತಕರಾರು, ಥ್ರಾಟಲ್ ಕೊಟ್ಟಾಗ ಒಂದು ಕ್ಷಣದ ಮುಗ್ಗರಿಕೆ ಇದರಿಂದಲೇ. ಹಳೆಯ ರಬ್ಬರ್ ಪೈಪು, ಓ-ರಿಂಗ್, ಕಾರ್ಬ್ಯುರೇಟರಿನ ಸೀಲುಗಳು ಎಥನಾಲಿಗೆ ಊದಿಕೊಂಡು ಮೆತ್ತಗಾಗಬಹುದು. ಫೈಬರ್ ಟ್ಯಾಂಕಿನ ರಾಳವನ್ನು ಅದು ಕರಗಿಸಿಯೇ ಬಿಡಬಹುದು. 95ರ ಜಾಗದಲ್ಲಿ 98 ಹಾಕಿದರೂ ಈ ತೊಂದರೆಗಳು ಅಲ್ಲಾಡುವುದಿಲ್ಲ, ಎಥನಾಲ್ ಅಷ್ಟೇ ಇದ್ದರೆ.

ಬ್ರಿಟನ್ನಿನಲ್ಲಿ ಒಂದು ವಿಚಿತ್ರ ಕಾಣುತ್ತದೆ. 2021ರ ಸೆಪ್ಟೆಂಬರಿನಿಂದ ಅಲ್ಲಿನ ಸಾಮಾನ್ಯ 95 ಪೆಟ್ರೋಲ್ ಇ10 ಆಯಿತು, ಸೂಪರ್ ದರ್ಜೆಯದು ಇ5 ಆಗಿಯೇ ಉಳಿಯಿತು. ಹಳೆಯ ಬೈಕಿನವರು ಹೆಚ್ಚು ಹಣ ತೆತ್ತು ಸೂಪರ್ ಕೊಳ್ಳುತ್ತಾರೆ. ಅವರ ಎಂಜಿನ್ನಿಗೆ ಆ ಹೆಚ್ಚಿನ ಆಕ್ಟೇನ್ ಬೇಕಿಲ್ಲ. ಕಡಿಮೆ ಎಥನಾಲಿಗೆ ಅವರು ಕೊಡುತ್ತಿರುವ ಬೆಲೆ ಅದು. ಯುರೋಪಿನಲ್ಲಿ 2018ರ ಅಕ್ಟೋಬರಿನಿಂದ ಪಂಪಿನ ಮೇಲೂ ಹೊಸ ಬೈಕುಗಳ ಟ್ಯಾಂಕಿನ ಬಳಿಯೂ ವೃತ್ತದೊಳಗೆ ಇ5, ಇ10 ಎಂದು ಬರೆಯುವುದು ಕಡ್ಡಾಯ. ಎರಡೂ ಕಡೆ ಹೊಂದಿಸಿ ನೋಡಿದರೆ ಮುಗಿಯಿತು. ಇಷ್ಟು ಸರಳವಾದ ವ್ಯವಸ್ಥೆ ಎಲ್ಲ ಕಡೆ ಯಾಕಿಲ್ಲ ಎಂಬುದು ನನಗಂತೂ ಒಗಟು.

ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸುವವರಿಗೆ ಆಕ್ಟೇನ್ ಮತ್ತು ಎಥನಾಲ್ ಎರಡೂ ಒಟ್ಟಿಗೆ ಎದುರಾಗುತ್ತವೆ. ಎಥನಾಲ್ ತೇವ ಹೀರುತ್ತದೆ. ಇ10ರಲ್ಲಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರಿನ ಅಂಶ ಶೇ 0.5 ತಲುಪಿದರೆ ಸಾಕು, ಅಂದರೆ 12 ಲೀಟರ್ ಟ್ಯಾಂಕಿನಲ್ಲಿ 60 ಮಿಲಿಲೀಟರ್, ನೀರು ಮತ್ತು ಎಥನಾಲ್ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಎರಡು ಮೂರು ಅಂಕ ಇಳಿದಿರುತ್ತದೆ, ಏಕೆಂದರೆ ಎಥನಾಲ್ ಸೇರುತ್ತದೆ ಎಂದೇ ರಿಫೈನರಿಯಲ್ಲಿ ಮೂಲ ಪೆಟ್ರೋಲನ್ನು ಕಡಿಮೆ ಆಕ್ಟೇನಿನದಾಗಿ ತಯಾರಿಸಿರುತ್ತಾರೆ. ಕಾಕ್ ಇರುವುದು ಟ್ಯಾಂಕಿನ ತಳದಲ್ಲಿ. ಹಾಗಾಗಿ ಎಂಜಿನ್ನಿಗೆ ಮೊದಲು ಹೋಗುವುದು ಆ ನೀರಿನ ಪದರ. ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ಕಾರ್ಬ್ಯುರೇಟರ್ ಇದ್ದರೆ ಅದರ ಬಟ್ಟಲನ್ನು ಖಾಲಿ ಮಾಡಿಡಬೇಕು. ಅಷ್ಟಾಗಿಯೂ ಬೇರ್ಪಟ್ಟಿದ್ದರೆ ಹೊಸ ಪೆಟ್ರೋಲ್ ಸುರಿದು ಅಲ್ಲಾಡಿಸಿ ಸರಿಪಡಿಸಲು ಹೋಗಬೇಡಿ. ಪಾರದರ್ಶಕ ಬಾಟಲಿಗೆ ತಳದಿಂದ ಸ್ವಲ್ಪ ಇಳಿಸಿ ನೋಡಿ. ನಡುವೆ ಗೆರೆ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಆಮೇಲೆಯೇ ಹೊಸದು ಹಾಕಿ.